ಹಾಂಗ್ ಕಾಂಗ್‌ನಲ್ಲಿ ಜಿನ್ಸೆಂಗ್ ಕೊಳ್ಳುವ ಮುಂಚೆ ಇದನ್ನು ಓದಿ

ಹಾಂಗ್ ಕಾಂಗ್‌ನಲ್ಲಿ ಇರುವವರು, ಸುತ್ತಾಡಲು ಬರುವವರು, ದಯವಿಟ್ಟು ಓದಿ. ಇಲ್ಲಿನ ಒಣ ಔಷಧಿ ಸಾಮಾನಿನ ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ ದುಡ್ಡು ಕೊಡಬೇಡಿ. ಕೊಡಲೇಬೇಡಿ. ನನ್ನ 2,240 ಹಾಂಗ್ ಕಾಂಗ್ ಡಾಲರ್ ಹೋಯ್ತು. ನಮ್ಮ ದುಡ್ಡಲ್ಲಿ ಸುಮಾರು 25 ಸಾವಿರ!

ಊರಿಗೆ ಹೊರಟಿದ್ದೆ. ಮಾವನವರು ಜಿನ್ಸೆಂಗ್ ಬೇಕು ಅಂದಿದ್ದರು, ಔಷಧಿಗೆ ಬಳಸೋ ಒಣ ಬೇರು ಅದು. ಮಾಂಗ್ ಕಾಕ್‌ನ ಒಂದು ಅಂಗಡಿಗೆ ಹೋದೆ. "ಗೇ ದೋ ಚಿನ್?" ಅಂತ ಬೆಲೆ ಕೇಳಿದೆ. "ಯೀ ಬಾಕ್ ಬಾತ್" ಅಂದ ಅಂಗಡಿಯವ. 280. ಪಕ್ಕದ ಅಣಬೆ, ಖರ್ಜೂರ ಎಲ್ಲಾ ಗಾನ್ ಲೆಕ್ಕದಲ್ಲೇ ಇತ್ತು, ಅಂದರೆ ಸುಮಾರು 605 ಗ್ರಾಂಗೆ ಇಷ್ಟು ಅಂತ. ಅರ್ಧ ಗಾನ್ ಕೊಡಿ ಅಂದೆ. ಆಗ ಅವನಿಗೆ ಇಂಗ್ಲಿಷ್ ಚೆನ್ನಾಗೇ ಬರುತ್ತಿತ್ತು. ಮೇಡಂ ಮೇಡಂ ಅಂತ ಹತ್ತು ಸಲ ಕರೆದ. ತೂಗಿದವನೇ ನಾನು ಕೇಳದಿದ್ದರೂ ಯಂತ್ರಕ್ಕೆ ಹಾಕಿ ತೆಳ್ಳಗೆ ಹೆಚ್ಚಿಬಿಟ್ಟ.

ಆಮೇಲೆ ಕ್ಯಾಲ್ಕುಲೇಟರ್ ನನ್ನ ಕಡೆ ತಿರುಗಿಸಿದ. 2,240.

140 ಆಗಬೇಕಲ್ವಾ? 280 ಅನ್ನೋದು ಗಾನ್‌ಗೆ ಅಲ್ಲವಂತೆ, ಲೋಂಗ್‌ಗೆ ಅಂತೆ. ಒಂದು ಗಾನ್‌ಗೆ 16 ಲೋಂಗ್. ಬೆಲೆ ಚೀಟಿಯಲ್ಲಿ ಅಂಕಿ ಅಂಗೈಯಷ್ಟು ದೊಡ್ಡದು. ಕೆಳಗೆ ಒಂದೇ ಒಂದು ಪುಟ್ಟ ಚೀನೀ ಅಕ್ಷರ, ಅದರ ಮೇಲೆ ಚೀಟಿ ಕಟ್ಟಿದ ರಬ್ಬರ್ ಬ್ಯಾಂಡು. ಅದನ್ನು ಸರಿಸಿ ತೋರಿಸಿದ! ಹೌದು, ಅವನೇ ಬೆರಳಲ್ಲಿ ಸರಿಸಿ ತೋರಿಸಿದ.

ಬೇಡ ಅಂದೆ. "ಹೆಚ್ಚಿ ಆಯ್ತು, ಇನ್ಯಾರಿಗೆ ಮಾರಲಿ?" ಅಂದ. ಅರ್ಧಕ್ಕರ್ಧ ಕೊಡ್ತೀನಿ ಅಂದೆ. "ಹೆಚ್ಚಿ ಆಯ್ತು." ಮಾಲೀಕರನ್ನು ಕರೀರಿ ಅಂದೆ. ಅದಕ್ಕೂ ಅದೇ, "ಹೆಚ್ಚಿ ಆಯ್ತು." ಒಳಗಿಂದ ಇನ್ನಿಬ್ಬರು ಬಂದು ಬಾಗಿಲ ಹತ್ತಿರ ನಿಂತರು. ಬೇರೆ ಗಿರಾಕಿಗಳೆಲ್ಲ ನನ್ನನ್ನೇ ನೋಡುತ್ತಿದ್ದರು, ದುಡ್ಡಿಲ್ಲದೆ ಬಂದವಳು ಅನ್ನೋ ಥರ. ಅವಮಾನ ಅಂದರೆ ಅದು.

ಕಾರ್ಡ್ ಕೊಟ್ಟರೆ ಮೆಷಿನ್ ಕೆಟ್ಟಿದೆ ಅಂದ. ಈ ಊರಲ್ಲಿ ಬಸ್ಸಿಗೂ ಬ್ರೆಡ್ಡಿಗೂ ಆಕ್ಟೋಪಸ್ ಕಾರ್ಡ್ ಮುಟ್ಟಿಸಿ ಹೋಗೋದು ಅಭ್ಯಾಸ, 1997ರಲ್ಲಿ ಬಂದ, ಮೊದಲೇ ದುಡ್ಡು ತುಂಬಿಸಿಡೋ ಕಾರ್ಡ್ ಅದು. ಅದರ ಮೆಷಿನ್ ಮೇಲೂ ಬಟ್ಟೆ ಮುಚ್ಚಿತ್ತು. ಎಫ್‌ಪಿಎಸ್ ಮಾತ್ರ ಅಂತ ತನ್ನ ಫೋನಿನ ಕ್ಯೂಆರ್ ಮುಂದೆ ಹಿಡಿದ. 2018ರಲ್ಲಿ ಬಂದಿದ್ದು ಇದು, ನಮ್ಮ ಯುಪಿಐ ಥರಾನೇ, ಕ್ಷಣದಲ್ಲಿ ದುಡ್ಡು ಆಕಡೆ. ಪರದೆಯಲ್ಲಿ ಬಂದಿದ್ದು ಅಂಗಡಿ ಹೆಸರಲ್ಲ, ಯಾರದೋ ಒಬ್ಬರ ಹೆಸರು.

ದುಡ್ಡು ಹೋದ ಮೇಲೆ ರಸೀದಿ ಕೇಳಿದೆ. "ಙೋ ಮ್ ಸಿಕ್ ಯಿಂಗ್ ಮಾನ್." ಇಂಗ್ಲಿಷ್ ಬರಲ್ಲವಂತೆ! ಅಷ್ಟು ಹೊತ್ತು ಮೇಡಂ ಅಂದವನಿಗೆ!

ಬ್ಯಾಂಕಿಗೆ ಫೋನ್ ಮಾಡಿದೆ. ನೀವೇ ಒಪ್ಪಿ ಕಳಿಸಿದ್ದೀರಿ, ಪಡೆದವರು ಒಪ್ಪದೆ ವಾಪಸ್ ತರಿಸೋಕಾಗಲ್ಲ ಅಂದರು. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಕ್ರೆಡಿಟ್ ಕಾರ್ಡ್ ಆಗಿದ್ದರೆ ತಕರಾರು ಹಾಕಬಹುದಿತ್ತು. ಅದಕ್ಕೇ ಅವನ ಮೆಷಿನ್ ಕೆಟ್ಟಿದ್ದು, ನನಗೆ ಅನುಮಾನವೇ ಇಲ್ಲ.

ತೂಕದ ಲೆಕ್ಕ ಮುಚ್ಚಿಟ್ಟು ಮಾರೋದು ಇಲ್ಲಿ ಅಪರಾಧ. 5 ವರ್ಷ ಜೈಲು, 5 ಲಕ್ಷ ಡಾಲರ್ ದಂಡದವರೆಗೂ ಹೋಗಬಹುದು. ಕಸ್ಟಮ್ಸ್ ಇಲಾಖೆಯವರೇ ಇದನ್ನು ನೋಡೋದು. ದೂರು ಕೊಟ್ಟಿದ್ದೇನೆ, ಬಿಡಲ್ಲ.

ನೀವು ಹೋದರೆ ಯಂತ್ರಕ್ಕೆ ಹಾಕೋ ಮುಂಚೆಯೇ ಒಟ್ಟು ಎಷ್ಟು ಅಂತ ಕ್ಯಾಲ್ಕುಲೇಟರ್‌ನಲ್ಲಿ ತೋರಿಸು ಅನ್ನಿ, ಅದರ ಫೋಟೋ ತೆಗೆದುಕೊಳ್ಳಿ. ಚೀಟಿಯ ರಬ್ಬರ್ ಬ್ಯಾಂಡು ನೀವೇ ಸರಿಸಿ ನೋಡಿ. ಕಾರ್ಡ್ ತೆಗೆದುಕೊಳ್ಳಲ್ಲ ಅಂದರೆ ಸುಮ್ನೆ ಎದ್ದು ಬನ್ನಿ. ಆಗಲೇ ಸಿಕ್ಕಿಹಾಕಿಕೊಂಡಿದ್ದರೆ ಗ್ರಾಹಕ ಮಂಡಳಿಯ 2929 2222ಕ್ಕೆ ಫೋನ್ ಮಾಡಿ. ನನ್ನ ಹಾಗೇ ಮಾಂಗ್ ಕಾಕ್‌ನಲ್ಲಿ ಯಾರಿಗಾದರೂ ಆಗಿದ್ದರೆ ನೀವೂ ದೂರು ಕೊಡಿ, ನಾಚಿಕೆ ಅಂತ ಕೂರಬೇಡಿ. ಒಬ್ಬಳೇ ಹೇಳಿದರೆ ಅವನು ಹೆಚ್ಚಿ ಆಯ್ತು ಅಂತಲೇ ಇರ್ತಾನೆ.