ಮಳೆ ಜಾಕೆಟ್ಟಿನ ಟೇಪು ಎದ್ದರೆ ಅದರ ಮೇಲೆ ಹೊಲಿಗೆ ಹಾಕಿಸಬೇಡಿ

ಒಳ್ಳೆಯ ಬೆಲೆ ಕೊಟ್ಟು ಕೊಂಡ ಮಳೆ ಜಾಕೆಟ್ಟಿನ ಒಳಬದಿಯಲ್ಲಿ ಹೊಲಿಗೆಯ ಮೇಲಿನ ಟೇಪು ಎದ್ದು ಬರುತ್ತಿದ್ದರೆ, ಬ್ಯಾಗು, ಚಪ್ಪಲಿ, ಜಿಪ್ಪು ಎಲ್ಲವನ್ನೂ ಒಂದೇ ಕಡೆ ರಿಪೇರಿ ಮಾಡುವ ಅಂಗಡಿಗೆ ಅದನ್ನು ದಯವಿಟ್ಟು ಕೊಡಬೇಡಿ. ಕೊಡಲೇಬೇಕಾದ ಸಂದರ್ಭ ಬಂದರೆ, ಏನೇನು ಮಾಡಬಾರದು ಎಂಬುದನ್ನು ಮೊದಲೇ ಬಿಡಿಸಿ ಹೇಳಿ ಕೊಡಿ. ದಾವಣಗೆರೆಯ ಅಂತಹ ಒಂದು ಅಂಗಡಿಯಲ್ಲಿ ನನ್ನ ಜಾಕೆಟ್ಟಿಗೆ ಏನಾಯಿತು ಎಂಬುದನ್ನು ಇಲ್ಲಿ ಬರೆದಿದ್ದೇನೆ. ಅಂಗಡಿಯ ಹೆಸರು ಹೇಳುವುದಿಲ್ಲ. ಇದೇ ಕೆಲಸವನ್ನು ಇದೇ ರೀತಿಯಲ್ಲಿ ಮಾಡುವವರು ಬೇರೆ ಊರುಗಳ ಪೇಟೆಯಲ್ಲೂ ಇರುತ್ತಾರೆ.

ಆ ಟೇಪು ಅಲ್ಲಿ ಏಕಿದೆ ಎಂಬುದು ಗೊತ್ತಿದ್ದರೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ. ಇಂತಹ ಜಾಕೆಟ್ಟಿನಲ್ಲಿ ನೀರನ್ನು ತಡೆಯುವುದು ಹೊರಗಿನ ಬಟ್ಟೆಯಲ್ಲ, ಅದರ ಹಿಂದೆ ಅಂಟಿಸಿದ ತೆಳುವಾದ ಪೊರೆ ಅಥವಾ ಪಾಲಿಯುರೆಥೇನ್ ಲೇಪನ. ಆದರೆ ತುಂಡುಗಳನ್ನು ಜೋಡಿಸಿ ಹೊಲಿಯುವಾಗ ಸೂಜಿ ಆ ಪೊರೆಯನ್ನು ಚುಚ್ಚಲೇಬೇಕಾಗುತ್ತದೆ, ಅಂಗುಲಕ್ಕೆ ಸುಮಾರು ಹತ್ತು ತೂತುಗಳಂತೆ. ಆ ತೂತುಗಳನ್ನು ಮುಚ್ಚಲೆಂದೇ ಕಾರ್ಖಾನೆಯಲ್ಲಿ ಹೊಲಿಗೆಯುದ್ದಕ್ಕೂ ಬಿಸಿಗಾಳಿಯಿಂದ ಅಂಟು ಕರಗಿಸಿ, ಸುಮಾರು ಎರಡು ಸೆಂಟಿಮೀಟರ್ ಅಗಲದ ಟೇಪನ್ನು ಒತ್ತಿ ಕೂರಿಸಿರುತ್ತಾರೆ.

ನನ್ನ ಕೆಲಸ ಚನ್ನಗಿರಿ, ಸಂತೇಬೆನ್ನೂರು ಕಡೆಯ ಅಡಿಕೆ ತೋಟಗಳಿಗೆ ಬೈಕಿನಲ್ಲಿ ಓಡಾಡುವುದು. ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೂ ಮಳೆ ನಿಂತಿರುವುದಿಲ್ಲವಾದ್ದರಿಂದ ಜಾಕೆಟ್ಟಿಲ್ಲದೆ ನಡೆಯುವುದಿಲ್ಲ. ಕುತ್ತಿಗೆಯಿಂದ ಎಡಭುಜಕ್ಕೆ ಇಳಿಯುವ ಹೊಲಿಗೆಯಲ್ಲಿ ಗೇಣುದ್ದ ಟೇಪು ಎದ್ದಿತ್ತು. ಉಳಿದೆಡೆ ಜಾಕೆಟ್ಟು ಗಟ್ಟಿಯಾಗಿಯೇ ಇತ್ತು. ಟೇಪನ್ನು ಒಳಗಿನಿಂದ ಅಂಟಿಸಿಕೊಟ್ಟರೆ ಸಾಕು, ಬೇರೇನೂ ಬೇಡ ಎಂದು ನಾನು ಅಂಗಡಿಯವರಿಗೆ ತೋರಿಸಿಯೇ ಹೇಳಿದೆ. "ಇದೇನ್ ದೊಡ್ಡ ಕೆಲ್ಸ ಅಲ್ಲ ಬಿಡ್ರಿ ಸಾರ್, ಸಂಜೀಗ್ ಬಂದ್ ತಗೊಂಡ್ ಹೋಗ್ರಿ" ಎಂದರು.

ಸಂಜೆ ಕೈಗೆ ಬಂದ ಜಾಕೆಟ್ಟಿನ ಒಳಬದಿಯನ್ನು ತಿರುಗಿಸಿ ನೋಡಿದಾಗ ಮೂರು ಕೆಲಸ ಮಾಡಿದ್ದು ಕಂಡಿತು. ಮೊದಲನೆಯದಾಗಿ, ಟೇಪಿನ ಕೆಳಗೆ ಚಪ್ಪಲಿಗೆ ಹಚ್ಚುವ ಸಲ್ಯೂಷನ್ ಬಳಿದಿದ್ದರು. ಅದು ಎರಡೂ ಅಂಚಿನಿಂದ ಹಳದಿಯಾಗಿ ಹೊರಬಂದು, ಅಕ್ಕಪಕ್ಕದ ಲೇಪನವೆಲ್ಲ ಸುಕ್ಕುಗಟ್ಟಿ ಉಬ್ಬಿತ್ತು. ಎರಡನೆಯದಾಗಿ, ಬೇಗ ಹಿಡಿಯಲಿ ಎಂದು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತಿದ್ದರು. ಪೆಟ್ಟಿಗೆಯ ಮೂತಿಯ ಆಕಾರದಲ್ಲೇ ಹೊರಬಟ್ಟೆ ಮಿರುಗುಟ್ಟುತ್ತಿತ್ತು, ಒಳಗೆ ಸಾಸಿವೆ ಕಾಳಿನಷ್ಟು ಸಣ್ಣ ಬೊಬ್ಬೆಗಳು ಸಾಲಾಗಿ ಎದ್ದಿದ್ದವು. ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು: ಟೇಪು ಮತ್ತೆ ಏಳಬಾರದೆಂದು ಅದರ ಎರಡೂ ಅಂಚಿಗೆ ಮಿಷನ್ ಹೊಲಿಗೆ ಹಾಕಿದ್ದರು. ಒಂದು ಸಾಲು ತೂತನ್ನು ಮುಚ್ಚಬೇಕಾದ ಟೇಪಿನ ಮೇಲೆ ಹೊಸದಾಗಿ ಎರಡು ಸಾಲು ತೂತು ಬಿದ್ದಿದ್ದವು, ಅವು ಹೊರಬಟ್ಟೆಯವರೆಗೂ ತೂರಿದ್ದವು. ಕೇಳಿದ್ದಕ್ಕೆ "ಇನ್ನ ಜನ್ಮದಾಗ ಬಿಚ್ಚಲ್ಲ ನೋಡ್ರಿ" ಎಂದು ಅವರು ಅಭಿಮಾನದಿಂದಲೇ ಹೇಳಿದರು. ಅವರು ಮೋಸ ಮಾಡಲಿಲ್ಲ, ಗಟ್ಟಿಯಾಗಲಿ ಎಂದೇ ಮಾಡಿದರು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ಒಳಗಿನಿಂದ ಅಂಟಿಸಿ ಎಂದವರ ವಸ್ತುವಿಗೆ ಕೇಳದೆ ಸೂಜಿ ಹಾಕುವುದು ತಪ್ಪು.

ಮುಂದಿನ ದೊಡ್ಡ ಮಳೆಯಲ್ಲಿ, ಮೊದಲು ಗೇಣುದ್ದ ಜಾಗದಲ್ಲಿ ಜಿನುಗುತ್ತಿದ್ದ ನೀರು ಭುಜದುದ್ದಕ್ಕೂ ಇಳಿದು, ಒಳಜೇಬಿನಲ್ಲಿದ್ದ ತೋಟದವರ ಲೆಕ್ಕದ ಚೀಟಿಗಳನ್ನೂ ನೆನೆಸಿತು. ತಯಾರಕರ ಸರ್ವೀಸ್ ವಿಭಾಗದವರಿಗೆ ಫೋಟೊ ಕಳಿಸಿದಾಗ, ಹೊರಗೆ ರಿಪೇರಿಯಾದ ಹೊಲಿಗೆಯನ್ನು ತಾವು ಮುಟ್ಟುವುದಿಲ್ಲ ಎಂದು ಉತ್ತರ ಬಂತು. ಆದ್ದರಿಂದ ವಾರಂಟಿ ಇನ್ನೂ ಉಳಿದಿರುವವರು ಮೊದಲು ಅಲ್ಲಿಗೇ ಕೇಳುವುದು ಒಳ್ಳೆಯದು.

ದಾವಣಗೆರೆ ಹತ್ತಿ ಗಿರಣಿಗಳಿಂದ ಬೆಳೆದ ಊರು. ಇಲ್ಲಿನ ದರ್ಜಿಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಹತ್ತಿಬಟ್ಟೆ ಹರಿದರೆ ದಾರ, ಸುಕ್ಕಾದರೆ ಬಿಸಿ, ಇವೆರಡರಿಂದಲೇ ಸರಿಹೋಗುತ್ತದೆ. ಮಳೆ ಜಾಕೆಟ್ಟನ್ನು ಕೆಡಿಸುವುದೂ ಇವೆರಡೇ. ಇಸ್ತ್ರಿಯಲ್ಲಿ ಹತ್ತಿಗೆ ಹೇಳಿರುವ ಮೂರು ಚುಕ್ಕೆಯ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್. ಸಿಂಥೆಟಿಕ್ ಬಟ್ಟೆಗಳಿಗೆ ಹೇಳಿರುವ ಒಂದು ಚುಕ್ಕೆಯ ಬಿಸಿ ಸುಮಾರು 110 ಡಿಗ್ರಿ. ಈ ಅಂತರದಲ್ಲೇ ಟೇಪಿನ ಅಂಟೂ ಪೊರೆಯೂ ಹಾಳಾಗಿಬಿಡುತ್ತವೆ. ಚಪ್ಪಲಿ ಸಲ್ಯೂಷನ್‌ನೊಳಗಿನ ದ್ರಾವಕವು ಪಾಲಿಯುರೆಥೇನನ್ನು ಉಬ್ಬಿಸುತ್ತದೆ. ತಕ್ಷಣ ಹಿಡಿಯುವ ಸಣ್ಣ ಟ್ಯೂಬಿನ ಅಂಟನ್ನು ಮನೆಯಲ್ಲೇ ಹಚ್ಚಿಕೊಳ್ಳುವವರೂ ಇದ್ದಾರೆ. ಅದು ಗಾಜಿನಂತೆ ಗಡುಸಾಗಿ, ತೋಳು ಮಡಚಿದಾಗೆಲ್ಲ ಬಿರುಕುಬಿಡುತ್ತದೆ. ಡ್ರೈ ಕ್ಲೀನಿಂಗಿಗೆ ಕೊಡುವುದೂ ಬೇಡ, ಅದರ ದ್ರಾವಕಗಳು ಇನ್ನೂ ಗಟ್ಟಿಯಾಗಿರುವ ಟೇಪನ್ನೂ ಎಬ್ಬಿಸಬಲ್ಲವು.

ರಿಪೇರಿಗೆ ಹೊರಡುವ ಮುನ್ನ, ಕೆಟ್ಟಿರುವುದು ಟೇಪಿನ ಅಂಟು ಮಾತ್ರವೋ ಅಥವಾ ಒಳಲೇಪನವೇ ಹೋಗಿದೆಯೋ ಎಂಬುದನ್ನು ನೋಡಲೇಬೇಕು, ಏಕೆಂದರೆ ಎಷ್ಟೋ ಜನ ಹಣ ಕಳೆದುಕೊಳ್ಳುವುದು ಇದನ್ನು ನೋಡದೆ ಕೆಲಸ ಹಿಡಿಯುವವರ ಕೈಯಲ್ಲಿ. ಎದ್ದ ಟೇಪಿನ ಕೆಳಗಿನ ಜಾಗವನ್ನು ಬೆರಳಿನಿಂದ ಉಜ್ಜಿ ನೋಡಿ. ಅದು ನಯವಾಗಿ, ಒಣಗಿ, ಒಂದೇ ಸಮನಾಗಿದ್ದರೆ ಅಂಟು ಮಾತ್ರ ಹೋಗಿದೆ, ಜಾಕೆಟ್ಟು ಉಳಿಯುತ್ತದೆ. ಬೆರಳಿಗೆ ಜಿಗುಟು ಹತ್ತಿದರೆ, ಬಿಳಿಯ ಹೊಪ್ಪಳೆಗಳು ಉದುರಿದರೆ, ಹುಳಿವಾಸನೆ ಬಂದರೆ ಪಾಲಿಯುರೆಥೇನೇ ಕೊಳೆತಿದೆ. ತೇವವೂ ಬಿಸಿಯೂ ಸೇರಿದರೆ ಆ ವಸ್ತು ಒಳಗಿನಿಂದಲೇ ಮುರಿಯುತ್ತದೆ. ಒದ್ದೆ ಜಾಕೆಟ್ಟನ್ನು ಮಡಚಿ ಬೈಕಿನ ಬಾಕ್ಸಿನಲ್ಲಿಟ್ಟು, ಮರುದಿನದ ಬಿಸಿಲಿನಲ್ಲಿ ನಿಲ್ಲಿಸಿದರೆ ಅದಕ್ಕೆ ಬೇಕಾದ ಸ್ಥಿತಿ ಸಿಕ್ಕಂತೆಯೇ. ಅಂತಹ ಜಾಕೆಟ್ಟಿಗೆ ಯಾವ ಟೇಪೂ ನಿಲ್ಲುವುದಿಲ್ಲ, ಯಾರು ಎಷ್ಟೇ ಧೈರ್ಯ ಹೇಳಿದರೂ ಹಣ ಕೊಡಬೇಡಿ. ಹಾಗೆಯೇ, ಹೊರಬಟ್ಟೆ ನೀರು ಕುಡಿದು ಭಾರವಾದ ಮಾತ್ರಕ್ಕೆ ಜಾಕೆಟ್ಟು ಸೋರುತ್ತಿದೆ ಎಂದುಕೊಳ್ಳಬೇಡಿ. ಅದು ಹನಿ ಉರುಳಿಸುವ ಮೇಲ್ಲೇಪ ಸವೆದ ಲಕ್ಷಣ, ಅದನ್ನು ಹೊಸದಾಗಿ ಹಚ್ಚಬಹುದು, ಟೇಪಿಗೆ ಅದರ ಸಂಬಂಧವಿಲ್ಲ.

ಅಂಟು ಮಾತ್ರ ಹೋಗಿರುವ ಜಾಕೆಟ್ಟಿಗೆ ಬೇಕಾಗುವುದು ಒಣಗಿದ ಮೇಲೂ ಮೆತುವಾಗಿ ಬಾಗುವ ಯುರೆಥೇನ್ ಸೀಮ್ ಅಂಟು. ಚಾರಣದ ಸಾಮಾನು ಮಾರುವವರಲ್ಲಿ ಸಣ್ಣ ಟ್ಯೂಬಿನಲ್ಲಿ ಸಿಗುತ್ತದೆ. ಜಾಕೆಟ್ಟನ್ನು ಒಗೆದು ಪೂರ್ತಿ ಒಣಗಿಸಿ, ಟೇಪಿನ ಹಿಂಬದಿಯನ್ನೂ ಅದು ಕೂರುವ ಜಾಗವನ್ನೂ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ನಂತರ ಅಂಟನ್ನು ತೆಳುವಾಗಿ ಸವರಬೇಕು. ಮೇಲೆ ಬಟರ್ ಪೇಪರ್ ಹಾಸಿ, ಸಮತಟ್ಟಾದ ಭಾರವಿಟ್ಟು ರಾತ್ರಿಯಿಡೀ ಬಿಡಬೇಕು. ಟೇಪೇ ಹರಿದಿದ್ದರೆ ಇಸ್ತ್ರಿಯಿಂದ ಅಂಟುವ ಹೊಸ ಸೀಮ್ ಟೇಪು ಸಿಗುತ್ತದೆ. ಕಡಿಮೆ ಬಿಸಿಯಲ್ಲಿ, ನಡುವೆ ತೆಳು ಹತ್ತಿಬಟ್ಟೆ ಇಟ್ಟು, ಮೊದಲು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪರೀಕ್ಷಿಸಿಯೇ ಅದನ್ನು ಕೂರಿಸಬೇಕು. ಸಿಲಿಕೋನ್ ಲೇಪಿಸಿದ ಬಟ್ಟೆಗೆ ಮಾತ್ರ ಯುರೆಥೇನ್ ಹಿಡಿಯುವುದಿಲ್ಲ, ಅದಕ್ಕೆ ಸಿಲಿಕೋನ್ ಅಂಟೇ ಬೇಕು. ನನ್ನ ಜಾಕೆಟ್ಟಿಗೆ ಬಿದ್ದ ಸೂಜಿ ತೂತುಗಳನ್ನು ದಾರ ಬಿಚ್ಚಿದ ಮೇಲೆ ಇದೇ ಯುರೆಥೇನ್ ಅಂಟಿನಿಂದ ಒಳಗಿನಿಂದ ತುಂಬಿದ್ದೇನೆ, ಅವು ಈಗ ಸೋರುತ್ತಿಲ್ಲ. ಬೊಬ್ಬೆ ಎದ್ದ ಜಾಗಕ್ಕೆ ಮಾತ್ರ ಯಾವ ಉಪಾಯವೂ ಇಲ್ಲದೆ ಅಲ್ಲಿ ಪೊರೆ ಬಟ್ಟೆಯಿಂದ ಬಿಟ್ಟುಕೊಳ್ಳುತ್ತಲೇ ಇದೆ.

ಯಾರ ಕೈಯಿಂದಲೇ ಮಾಡಿಸಿದರೂ ಹಣ ಕೊಡುವ ಮುನ್ನ ಅಲ್ಲೇ ಪರೀಕ್ಷಿಸಿ. ರಿಪೇರಿಯಾದ ಹೊಲಿಗೆಯ ಭಾಗವನ್ನು ಹೊರಬದಿ ಮೇಲಾಗುವಂತೆ ಬೊಗಸೆಯ ಆಕಾರದಲ್ಲಿ ಹಿಡಿದು ಒಂದು ಲೋಟ ನೀರು ಹಾಕಿ, ಕೆಳಗೆ ಒಣ ಪತ್ರಿಕೆ ಹಾಸಿ, ಕಾಲು ಗಂಟೆಯಾದರೂ ಕಾಯಿರಿ. ಕಾಗದದ ಮೇಲೆ ಒಂದೇ ಒಂದು ಹನಿ ಮೂಡಿದರೂ ಕೆಲಸ ಮುಗಿದಿಲ್ಲವೆಂದು ಹೇಳಿ, ಜಾಕೆಟ್ಟನ್ನು ಅಲ್ಲೇ ಬಿಡದೆ ವಾಪಸು ತನ್ನಿ.