‘ಗುಲಾಮಗಿರಿ ಎಂದರೆ ಸಾಕು’: ಓಟಿಟಿಯಲ್ಲಿ ಸಿಂಪ್ಸನ್ಸ್

ಅಕ್ಕನ ಮಗನ ಒತ್ತಾಯಕ್ಕೆ ವರ್ಷದ ಚಂದಾ ಕಟ್ಟಿ, ದಾವಣಗೆರೆಯ ನಮ್ಮ ಮನೆಯ ಟಿವಿಗೆ ಓಟಿಟಿಯೊಂದನ್ನು ಹಾಕಿಸಿಕೊಂಡು ಎರಡು ತಿಂಗಳಾಯಿತು. ಅವನಿಗೆ ಬೇಕಿದ್ದುದು ಕ್ರಿಕೆಟ್. ನಾನು ರಾತ್ರಿ ಊಟವಾದ ಮೇಲೆ ನೋಡುತ್ತ ಬಂದದ್ದು 1989ರಿಂದ ನಡೆದು ಬಂದಿರುವ ಅಮೆರಿಕದ ಕಾರ್ಟೂನ್ ಧಾರಾವಾಹಿ ‘ದಿ ಸಿಂಪ್ಸನ್ಸ್’. ಕೊಟ್ಟ ದುಡ್ಡು ಅದೊಂದರಿಂದಲೇ ಹುಟ್ಟಿತು.

ಏಳನೆಯ ಸೀಸನ್ನಿನಲ್ಲಿ, 1996ರಲ್ಲಿ ಪ್ರಸಾರವಾದ ಒಂದು ಕಂತಿದೆ. ಊರೊಳಗೆ ಕರಡಿಯೊಂದು ಬರುತ್ತದೆ (ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಕರಡಿಗಳ ಸುದ್ದಿ ಓದುವ ನಮಗೆ ಇದೇನೂ ಹೊಸದಲ್ಲ). ಜನ ಗಲಾಟೆ ಮಾಡಿ ಕರಡಿ ಕಾವಲು ಪಡೆ ತರಿಸಿಕೊಳ್ಳುತ್ತಾರೆ. ಅದರ ಖರ್ಚಿಗೆ ಐದು ಡಾಲರ್ ತೆರಿಗೆ ಏರಿದೊಡನೆ ಅದೇ ಜನ ಮೇಯರ್ ಮೇಲೆ ಮುಗಿಬೀಳುತ್ತಾರೆ. ಅವನು ತಪ್ಪನ್ನೆಲ್ಲ ವಲಸಿಗರ ತಲೆಗೆ ಕಟ್ಟಿ ನುಣುಚಿಕೊಳ್ಳುತ್ತಾನೆ. ದಾಖಲೆಯಿಲ್ಲದ ವಲಸಿಗರಿಗೆ ಸರ್ಕಾರಿ ಶಾಲೆಯ ಬಾಗಿಲು ಮುಚ್ಚುವ ಪ್ರಸ್ತಾವವನ್ನು ಕ್ಯಾಲಿಫೋರ್ನಿಯಾದ ಮತದಾರರು 1994ರಲ್ಲಿ ಒಪ್ಪಿದ್ದರು ಎಂಬುದು ಗೊತ್ತಿದ್ದರೆ ಈ ಕರಡಿ ಇನ್ನಷ್ಟು ನಗಿಸುತ್ತದೆ. ಭಾರತದಿಂದ ವಲಸೆ ಬಂದ, ಕಿರಾಣಿ ಅಂಗಡಿಯ ಅಪು ಗಡೀಪಾರಿಗೆ ಹೆದರಿ, ಕೌಬಾಯ್ ಟೋಪಿ ಹಾಕಿ, ದನಿ ಬದಲಿಸಿ ಅಪ್ಪಟ ಅಮೆರಿಕನ್ನನಾಗಲು ಹೋಗಿ, ತನಗೆ ತಾನೇ ನಾಚಿ, ಕೊನೆಗೆ ಪೌರತ್ವ ಪರೀಕ್ಷೆಗೆ ಕೂರುತ್ತಾನೆ. ಅಮೆರಿಕದ ಅಂತರ್ಯುದ್ಧಕ್ಕೆ ಕಾರಣವೇನೆಂದು ಕೇಳಿದಾಗ ಅವನು ಆರ್ಥಿಕ ಕಾರಣಗಳನ್ನೆಲ್ಲ ಬಿಡಿಸಿಡಲು ತೊಡಗಿದರೆ, ಪರೀಕ್ಷಕ ತಡೆದು, ‘ಗುಲಾಮಗಿರಿ ಎಂದರೆ ಸಾಕು’ ಎನ್ನುತ್ತಾನೆ. ದೇಶದ ಚರಿತ್ರೆಯನ್ನು ದೇಶದವರಿಗಿಂತ ಹೊರಗಿನವನೇ ಚೆನ್ನಾಗಿ ಓದಿದ್ದಾನೆ.

ಇಷ್ಟು ಸೂಕ್ಷ್ಮವಾದ ಧಾರಾವಾಹಿ ಅದೇ ಅಪುವಿನ ಇಂಗ್ಲಿಷ್ ಉಚ್ಚಾರವನ್ನು ನಗೆಯ ಸರಕು ಮಾಡಿಕೊಂಡಿತು. ಬಿಳಿಯ ನಟ ಹ್ಯಾಂಕ್ ಅಜಾರಿಯಾ ಕೊಟ್ಟ ಆ ದನಿಯ ಬಗ್ಗೆ ಭಾರತೀಯ ಮೂಲದ ಅಮೆರಿಕನ್ ಹಾಸ್ಯಗಾರ ಹರಿ ಕೊಂಡಬೋಲು 2017ರಲ್ಲಿ ಸಾಕ್ಷ್ಯಚಿತ್ರವನ್ನೇ ಮಾಡಿದರು. 2020ರಲ್ಲಿ ಅಜಾರಿಯಾ ಆ ಪಾತ್ರ ಬಿಟ್ಟರು. ಬೆಂಗಳೂರಿನ ಕಚೇರಿಯಲ್ಲಿ ನಾನು ‘ಹೌದ್ರಿ’ ಎಂದೊಡನೆ ನಗುತ್ತಿದ್ದವರನ್ನು ಕಂಡಿರುವುದರಿಂದ, ಕೊಂಡಬೋಲು ಅವರ ಆಕ್ಷೇಪ ನನಗೆ ಅತಿಯೆನಿಸಲಿಲ್ಲ. 1997ರಲ್ಲಿ ಶುರುವಾದ ಇನ್ನೊಂದು ಅಮೆರಿಕನ್ ಕಾರ್ಟೂನ್ ಧಾರಾವಾಹಿ ‘ಕಿಂಗ್ ಆಫ್ ದ ಹಿಲ್’ ಈ ವಿಷಯದಲ್ಲಿ ಮೇಲು: ಅಲ್ಲಿ ಲಾವೋಸಿನವನೊಬ್ಬ ತನ್ನ ದೇಶ ಎಲ್ಲಿದೆಯೆಂದು ವಿವರಿಸಿ ಮುಗಿಸಿದ ಮೇಲೂ ಟೆಕ್ಸಸ್‌ನ ನೆರೆಯವನು, ‘ಹಾಗಾದರೆ ನೀನು ಚೀನಾದವನೋ ಜಪಾನಿನವನೋ?’ ಎಂದು ಕೇಳುತ್ತಾನೆ. ನಗೆ ಬೀಳುವುದು ಕೇಳಿದವನ ಮೇಲೆ.

ಸೇವೆಯ ಕೊರತೆಯೆಂದರೆ, ಅಡಿಬರಹ ಇಂಗ್ಲಿಷಿನಲ್ಲಿ ಮಾತ್ರ ಇದೆ. ಅಮ್ಮನಿಗೆ ಪ್ರತಿ ಮಾತನ್ನೂ ನಿಲ್ಲಿಸಿ ಹೇಳುವಷ್ಟರಲ್ಲಿ ಇಪ್ಪತ್ತೆರಡು ನಿಮಿಷದ ಕಂತು ಮುಕ್ಕಾಲು ಗಂಟೆಯಾಗುತ್ತದೆ. ಹೊಸಬರು ಮೂರನೆಯ ಸೀಸನ್ನಿನಿಂದ ಎಂಟನೆಯದರವರೆಗೆ ಮೊದಲು ನೋಡಲಿ. ಇತ್ತೀಚಿನವನ್ನು ಬಿಟ್ಟರೂ ನಷ್ಟವಿಲ್ಲ.