ಒಂದು ಪೆನ್ ಸೆಲ್, ಮೂರು ಎಲ್‌ಎನ್‌ಎ, ಕಲಬುರಗಿಯ ಬೇಸಿಗೆ

ಸುರಪುರದಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಕುರಿಗಳಿವೆ. ಬೇಸಿಗೆಯಲ್ಲಿ ಹಿಂಡು ಮೇವು ಹುಡುಕಿಕೊಂಡು ಹೊರಟರೆ ಎಲ್ಲಿದೆ ಎಂಬುದೇ ಮನೆಯವರಿಗೆ ತಿಳಿಯುವುದಿಲ್ಲ. ಮುಂದೆ ನಡೆಯುವ ಟಗರಿನ ಕೊರಳಿಗೆ ನಾವಿಕ್ (ಜಿಪಿಎಸ್‌ನಂತೆ ಸ್ಥಳ ಹೇಳುವ ಭಾರತದ ಉಪಗ್ರಹ ವ್ಯವಸ್ಥೆ) ರಿಸೀವರ್ ಕಟ್ಟಬೇಕು, ಅದು ಒಂದೇ ಪೆನ್ ಸೆಲ್ಲಿನಲ್ಲಿ ನಡೆಯಬೇಕು ಎಂಬುದು ಅವನ ಹಟ. “ಸರ್, ಅಡವಿಯಲ್ಲಿ ನಮ್ಮಪ್ಪ ಚಾರ್ಜರ್ ಎಲ್ಲಿ ಚುಚ್ಚಬೇಕು? ಸೆಲ್ ಆದರೆ ಯಾವ ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ” ಎಂದ. ನನ್ನ ಬಳಿ ಉತ್ತರವಿರಲಿಲ್ಲ.

ಪೆನ್ ಸೆಲ್ 1.5 ವೋಲ್ಟ್‌ನಿಂದ ಶುರುವಾಗಿ, ಬರಿದಾಗುವ ಹೊತ್ತಿಗೆ 0.9ಕ್ಕೆ ಇಳಿದಿರುತ್ತದೆ. ವೋಲ್ಟೇಜ್ ಏರಿಸುವ ಪರಿವರ್ತಕ ಹಾಕಬಹುದಿತ್ತು. ಆದರೆ ಅದರ ಸ್ವಿಚಿಂಗ್ ಕಿರಿಕಿರಿಯನ್ನು ಇಡೀ ರಿಸೀವರಿನ ಅತ್ಯಂತ ಸೂಕ್ಷ್ಮ ಭಾಗದ ಪಕ್ಕದಲ್ಲೇ ಕೂರಿಸಿದಂತಾಗುತ್ತದೆ. ಹಾಗಾಗಿ 0.9 ವೋಲ್ಟ್‌ನಲ್ಲೂ ಉಸಿರಾಡುವ ಎಲ್‌ಎನ್‌ಎ (ಆಂಟೆನಾದ ಕ್ಷೀಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ, ನಾಯ್ಸ್ ಅಂದರೆ ಬೇಡದ ಗದ್ದಲ ಕಡಿಮೆ ಸೇರಿಸುವ ಆಂಪ್ಲಿಫೈಯರ್) ಯಾವುದು ಎಂದು ಹುಡುಕಲು ಕುಳಿತೆವು. 2020ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಸ್ಕೈವಾಟರ್ 130 ನ್ಯಾನೋಮೀಟರ್ ಚಿಪ್ ವಿನ್ಯಾಸದ ಕಿಟ್, ಅದರ ಕಡಿಮೆ ಥ್ರೆಶೋಲ್ಡ್‌ನ (ಕಡಿಮೆ ವೋಲ್ಟೇಜಿಗೇ ತೆರೆದುಕೊಳ್ಳುವ) ಟ್ರಾನ್ಸಿಸ್ಟರುಗಳು, ಸರ್ಕೀಟು ಬಿಡಿಸಲು ಎಕ್ಸ್‌ಸ್ಕೀಮ್, ಸಿಮ್ಯುಲೇಶನ್‌ಗೆ ಎನ್‌ಜಿಸ್ಪೈಸ್: ನಮ್ಮ ಬಂಡವಾಳ ಇಷ್ಟೇ. ಚಿಪ್ ಮಾಡಿಸಿಲ್ಲ. ಇದೆಲ್ಲ ಕೈಲೆಕ್ಕ ಮತ್ತು ಸಿಮ್ಯುಲೇಶನ್ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ನಾವಿಕ್‌ನ ಎಲ್5 ಸಿಗ್ನಲ್ 1176.45 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ನೆಲ ಮುಟ್ಟುವಾಗ ಅದರ ಬಲ ಸುಮಾರು −130 ಡಿಬಿಎಂ, ಅಂದರೆ ಮಿಲಿವ್ಯಾಟ್‌ನ ಅತಿ ಸಣ್ಣ ಚೂರು. ಮೊದಲ ಹಂತದಲ್ಲಿ ಸೇರಿಕೊಂಡ ನಾಯ್ಸ್ ಸಿಗ್ನಲ್ಲಿನ ಜೊತೆಗೇ ದೊಡ್ಡದಾಗುತ್ತದೆ. ಮುಂದಿನ ಹಂತಗಳಿಗೆ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಹ್ಯಾರಲ್ಡ್ ಫ್ರಿಸ್ 1944ರಲ್ಲಿ ಕೊಟ್ಟ ಸೂತ್ರದ ತಿರುಳು ಇದೇ. ತೊಗರಿಯ ನಾಡಿನಲ್ಲಿ ಇದಕ್ಕೆ ಸೂತ್ರವೇಕೆ ಬೇಕು? ಕಾಳಿನ ಜೊತೆ ಕಲ್ಲೂ ಬೀಸುಕಲ್ಲಿಗೆ ಬಿದ್ದ ಮೇಲೆ ಯಾವ ಜರಡಿ ಹಿಡಿದರೂ ಪ್ರಯೋಜನವಿಲ್ಲ.

ಮೊದಲು ಕಾಮನ್ ಗೇಟ್: ಟ್ರಾನ್ಸಿಸ್ಟರಿನ ಗೇಟ್ ಎಂಬ ಕಾಲನ್ನು ಸ್ಥಿರವಾಗಿಟ್ಟು, ಸೋರ್ಸ್ ಎಂಬ ಕಾಲಿಗೆ ಸಿಗ್ನಲ್ ಕೊಡುವ ಜೋಡಣೆ. ಇದರ ಇನ್‌ಪುಟ್ ಪ್ರತಿರೋಧ ಜಿಎಂನ (ಗೇಟ್ ವೋಲ್ಟೇಜ್ ಬದಲಾದಾಗ ಕರೆಂಟ್ ಎಷ್ಟು ಬದಲಾಗುತ್ತದೆ ಎಂಬ ಅಳತೆಯ) ವಿಲೋಮ, ಆದ್ದರಿಂದ ಆಂಟೆನಾದ 50 ಓಮ್‌ಗೆ ಹೊಂದಿಸಲು ಜಿಎಂ 20 ಮಿಲಿಸೀಮೆನ್ಸ್ ಇರಲೇಬೇಕು. ಅದಕ್ಕೆ ಸುಮಾರು 1.3 ಮಿಲಿಆಂಪಿಯರ್ ಸಾಕಾಯಿತು, ಅಂದರೆ 0.9 ವೋಲ್ಟ್‌ನಲ್ಲಿ 1.2 ಮಿಲಿವ್ಯಾಟ್. ಒಂದೇ ಟ್ರಾನ್ಸಿಸ್ಟರ್, ಮೇಲೊಂದು ಸುರುಳಿ, ಕೆಳಗೊಂದು ಸುರುಳಿ. ವೋಲ್ಟೇಜ್ ಇಳಿಸುತ್ತಾ ಹೋದರೂ ಹಳೆಯ ಎತ್ತಿನಂತೆ ತಲೆ ತಗ್ಗಿಸಿ ಎಳೆಯಿತು. ಕೊರತೆ ನಾಯ್ಸ್‌ನಲ್ಲಿದೆ. ಸರ್ಕೀಟು ತಾನೇ ಎಷ್ಟು ನಾಯ್ಸ್ ಸೇರಿಸುತ್ತದೆ ಎಂದು ಅನುಪಾತದಲ್ಲಿ ಹೇಳುವ ನಾಯ್ಸ್ ಫಿಗರ್ ಕಡಿಮೆಯಿದ್ದಷ್ಟೂ ಒಳ್ಳೆಯದು. ಉದ್ದ ಚಾನೆಲ್ಲಿನ ಟ್ರಾನ್ಸಿಸ್ಟರುಗಳ ಸಿದ್ಧಾಂತ ಅದನ್ನು 2.2 ಡಿಬಿ ಎನ್ನುತ್ತದೆ; ಗಾಮಾ (ಟ್ರಾನ್ಸಿಸ್ಟರಿನ ನಾಯ್ಸ್ ಗುಣಾಂಕ) ಒಂದಕ್ಕೆ ಏರಿದರೆ ಅದು ನೇರ 3 ಡಿಬಿ. ಜಿಎಂ ಹೆಚ್ಚಿಸಿ ನಾಯ್ಸ್ ಇಳಿಸೋಣವೆಂದರೆ ಇನ್‌ಪುಟ್ ಹೊಂದಾಣಿಕೆ ಕೈಬಿಡುತ್ತದೆ.

ಎರಡನೆಯದು ಕರೆಂಟ್ ಮರುಬಳಕೆಯದು: ಎನ್ ಮತ್ತು ಪಿ ಟ್ರಾನ್ಸಿಸ್ಟರುಗಳನ್ನು ಇನ್ವರ್ಟರಿನಂತೆ ಜೋಡಿಸಿ, ನಡುವೆ ಒಂದು ಫೀಡ್‌ಬ್ಯಾಕ್ ರೆಸಿಸ್ಟರ್. ಒಂದೇ ಕರೆಂಟಿಗೆ ಎರಡು ಜಿಎಂ ಸಿಗುತ್ತವೆ, ಇನ್‌ಪುಟ್ಟಿಗೆ ಸುರುಳಿಯ ಗೋಜೂ ಇಲ್ಲ. ಹುಡುಗನಿಗೆ ಇದರ ಮೇಲೆಯೇ ಪ್ರೀತಿ, ಹೊಸ ಸೆಲ್ಲಿನ 1.5 ವೋಲ್ಟ್‌ನಲ್ಲಿ ಅದು ಸುಳ್ಳೂ ಆಗಲಿಲ್ಲ. ಆದರೆ ಇಲ್ಲಿ ಎರಡೂ ಟ್ರಾನ್ಸಿಸ್ಟರುಗಳ ಗೇಟ್ ವೋಲ್ಟೇಜುಗಳ ಮೊತ್ತವೇ ಪೂರೈಕೆಯ ವೋಲ್ಟೇಜ್. ಸೆಲ್ ಸೊರಗುತ್ತಿದ್ದಂತೆ ಇಬ್ಬರಿಗೂ ಹೊಟ್ಟೆ ತುಂಬುವುದಿಲ್ಲ, ಗೇನ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. 0.9ಕ್ಕೆ ಬಂದಾಗ ಅದು ಬಹುತೇಕ ಬರೀ ರೆಸಿಸ್ಟರ್ ಆಗಿ ಉಳಿದಿತ್ತು. ಟ್ರಾನ್ಸಿಸ್ಟರುಗಳನ್ನು ಅಗಲ ಮಾಡಿ ನೋಡಿದೆವು. ಬೇಡದ ಕೆಪ್ಯಾಸಿಟನ್ಸ್ ಬಂದು ಸೇರಿತು. ಪೂರೈಕೆ 1.2 ವೋಲ್ಟ್‌ಗಿಂತ ಕೆಳಗಿಳಿಯದು ಎಂಬ ಖಾತ್ರಿ ಇದ್ದವರು ಇದನ್ನು ಧಾರಾಳವಾಗಿ ಬಳಸಬಹುದು.

ಮೂರನೆಯದಕ್ಕೆ ನಾವು ಹೆಚ್ಚು ದಿನ ಕಳೆದೆವು: ಸೋರ್ಸ್‌ನಲ್ಲಿ ಇಂಡಕ್ಟರ್, ಅಂದರೆ ಸುರುಳಿ ಇಟ್ಟು, ಸಿಗ್ನಲ್ಲನ್ನು ಗೇಟ್‌ಗೆ ಕೊಡುವ ಕಾಮನ್ ಸೋರ್ಸ್. ಶೇಫರ್ ಮತ್ತು ಲೀ 1997ರಲ್ಲಿ 1.5 ವೋಲ್ಟ್‌ನಲ್ಲಿ, 1.5 ಗಿಗಾಹರ್ಟ್ಸ್‌ಗೆ ಮಾಡಿ ತೋರಿಸಿದ ದಾರಿ ಇದು, ಅವರಿಗೆ 3.5 ಡಿಬಿ ನಾಯ್ಸ್ ಫಿಗರ್ ಸಿಕ್ಕಿತ್ತು, 30 ಮಿಲಿವ್ಯಾಟ್ ಖರ್ಚಾಗಿತ್ತು. ಇದರ ಸೊಗಸು ಎಲ್ಲಿದೆಯೆಂದರೆ, 50 ಓಮ್ ಪ್ರತಿರೋಧ ಯಾವ ರೆಸಿಸ್ಟರೂ ಇಲ್ಲದೆ ಹುಟ್ಟುತ್ತದೆ. ರೆಸಿಸ್ಟರೇ ಇಲ್ಲವಾದ್ದರಿಂದ ಅದರ ನಾಯ್ಸೂ ಇಲ್ಲ. ಜಿಎಂ 15 ಮಿಲಿಸೀಮೆನ್ಸ್, ಗೇಟ್ ಮತ್ತು ಸೋರ್ಸ್ ನಡುವೆ ಹೆಚ್ಚುವರಿ ಸೇರಿಸಿ ಒಟ್ಟು 1 ಪಿಕೋಫ್ಯಾರಡ್ ಎಂದಿಟ್ಟುಕೊಂಡೆವು. ಸೋರ್ಸ್‌ಗೆ 3.3 ನ್ಯಾನೋಹೆನ್ರಿ ಬೇಕಾಯಿತು, ಗೇಟ್‌ಗೆ 15.

ಈ 15 ನ್ಯಾನೋಹೆನ್ರಿಯ ಸುರುಳಿಯೇ ಇಡೀ ಕಥೆಯನ್ನು ನಿರ್ಧರಿಸುತ್ತದೆ. ಎಲ್5ರಲ್ಲಿ ಅದರ ರಿಯಾಕ್ಟನ್ಸ್ (ಆ ಆವರ್ತನಕ್ಕೆ ಸುರುಳಿ ಒಡ್ಡುವ ತಡೆ) 111 ಓಮ್. ಚಿಪ್ಪಿನೊಳಗೇ ಸುತ್ತಿ ಕ್ಯೂ (ಸುರುಳಿಯ ಗುಣಮಟ್ಟ, ಹೆಚ್ಚಿದಷ್ಟೂ ನಷ್ಟ ಕಡಿಮೆ) 6 ಎಂದು ಹಿಡಿದರೆ ಸರಣಿ ಪ್ರತಿರೋಧ 18 ಓಮ್‌ಗೂ ಮೇಲೆ. ಟ್ರಾನ್ಸಿಸ್ಟರಿನ ಪಾಲು ಸೇರಿಸುವ ಮೊದಲೇ 1.4 ಡಿಬಿ ಹೋಯಿತು. ಅದೇ ಸುರುಳಿಯನ್ನು ಕ್ಯೂ 40 ಇರುವ ಬಿಡಿ ಭಾಗವಾಗಿ ಬೋರ್ಡಿನ ಮೇಲೆ ಇಟ್ಟರೆ 2.8 ಓಮ್, ನಷ್ಟ ಕಾಲು ಡಿಬಿಯಷ್ಟೇ. ಟ್ರಾನ್ಸಿಸ್ಟರನ್ನೂ ಸೇರಿಸಿದ ಕೈಲೆಕ್ಕದಲ್ಲಿ ಒಳಗಿನ ಸುರುಳಿಗೆ 1.9 ಡಿಬಿ, ಹೊರಗಿನದಕ್ಕೆ 0.9. ಸಿಮ್ಯುಲೇಶನ್ ಎರಡಕ್ಕೂ ಸ್ವಲ್ಪ ಹೆಚ್ಚೇ ಹೇಳಿತು, ನಡುವಿನ ಅಂತರ ಮಾತ್ರ ಹಾಗೆಯೇ ಉಳಿಯಿತು. ಎಲ್ಲವನ್ನೂ ಚಿಪ್ಪಿನೊಳಗೆ ತುರುಕುವ ಆಸೆ ನನಗೂ ಇತ್ತು. ಈ ಲೆಕ್ಕ ನೋಡಿದ ದಿನ ಬಿಟ್ಟುಬಿಟ್ಟೆ.

ಕ್ಯಾಸ್ಕೋಡ್ (ಟ್ರಾನ್ಸಿಸ್ಟರಿನ ಮೇಲೆ ಇನ್ನೊಂದು ಟ್ರಾನ್ಸಿಸ್ಟರ್) ಏರಿಸಿದರೆ ಎರಡು ಟ್ರಾನ್ಸಿಸ್ಟರುಗಳಿಗೆ ಹಂಚಲು ಇರುವುದು 0.9 ವೋಲ್ಟ್. ಲೋಡ್ ಆಗಿ 300 ಓಮ್ ರೆಸಿಸ್ಟರ್ ಇಟ್ಟು ನೋಡಿದ್ದು ನನ್ನದೇ ಎಡವಟ್ಟು: 1.5 ಮಿಲಿಆಂಪಿಯರಿಗೆ ಅದೊಂದೇ 0.45 ವೋಲ್ಟ್ ನುಂಗಿತು. ಲೋಡಿಗೂ ಸುರುಳಿ ಹಾಕಿದ ಮೇಲೆ ಸರಿಹೋಯಿತು.

ನಾಯ್ಸ್ ರದ್ದುಮಾಡುವ ಜೋಡಣೆಯನ್ನೂ ನೋಡಿದೆವು. 2004ರಲ್ಲಿ ಪ್ರಕಟವಾದ ಬ್ರುಕೊಲೇರಿ, ಕ್ಲುಂಪರಿಂಕ್, ನೌಟಾ ಅವರ ವಿನ್ಯಾಸ ಜಾಣತನದ್ದು, ಆದರೆ 2.5 ವೋಲ್ಟ್‌ನಲ್ಲಿ 14 ಮಿಲಿಆಂಪಿಯರ್ ಕೇಳುತ್ತದೆ. ಕುರಿಯ ಕೊರಳಿಗೆ ಅಲ್ಲ.

ಇನ್ನು ಬಿಸಿಲು. ಎನ್‌ಜಿಸ್ಪೈಸ್ ತಾನಾಗಿಯೇ 27 ಡಿಗ್ರಿ ಎಂದುಕೊಳ್ಳುತ್ತದೆ. ಮೇ ತಿಂಗಳ ಕಲಬುರಗಿಯಲ್ಲಿ ಅದು ನಡುರಾತ್ರಿಯ ಕನಸು. 43ಕ್ಕೆ ಏರಿಸಿ ನೋಡಿದಾಗ ನಾಯ್ಸ್ ಫಿಗರ್ ಹೆಚ್ಚುಕಡಿಮೆ ಕದಲಲೇ ಇಲ್ಲ. ನಮಗೆ ಖುಷಿಯೋ ಖುಷಿ. ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ತಪ್ಪು ಹೊಳೆಯಿತು: ಸರ್ಕೀಟಿನ ಜೊತೆ ಆಂಟೆನಾದ ಬದಲಿಗೆ ಇಟ್ಟ 50 ಓಮ್ ಸೋರ್ಸ್ ರೆಸಿಸ್ಟರನ್ನೂ ಬಿಸಿ ಮಾಡಿದ್ದೆವು, ಅದರ ನಾಯ್ಸೂ ಏರಿ ಅನುಪಾತ ಮುಚ್ಚಿಹೋಗಿತ್ತು. ನಾಯ್ಸ್ ಫಿಗರಿನ ವ್ಯಾಖ್ಯೆಯ ಪ್ರಕಾರ ಆ ರೆಸಿಸ್ಟರ್ 290 ಕೆಲ್ವಿನ್‌ನಲ್ಲೇ ಇರಬೇಕು. ಆ ರೆಸಿಸ್ಟರಿಗೆ ಪ್ರತ್ಯೇಕವಾಗಿ 16.85 ಡಿಗ್ರಿ ಕೊಟ್ಟ ಮೇಲೆ ನಿಜ ಬಣ್ಣ ಕಂಡಿತು. ಕಾಮನ್ ಗೇಟ್ ಇಲ್ಲೂ ಗಟ್ಟಿ: ಜಿಎಂ ಶೇಕಡಾ 10 ಇಳಿದರೂ ಇನ್‌ಪುಟ್ 55 ಓಮ್‌ಗೆ ಸರಿಯುತ್ತದೆ, ಪ್ರತಿಫಲನ ಇನ್ನೂ −26 ಡಿಬಿಯಲ್ಲೇ ಇರುತ್ತದೆ. ನಾಯ್ಸ್ ಮಾತ್ರ 3 ಡಿಬಿ ದಾಟಿತು. ಹೊರಗಿನ ಸುರುಳಿಯ ಸರ್ಕೀಟು ಆ ಬಿಸಿಯಲ್ಲೂ ಅದಕ್ಕಿಂತ ಬಹಳ ಕೆಳಗಿತ್ತು. ಆಕಾಶ ನೋಡುವ ಆಂಟೆನಾ 290 ಕೆಲ್ವಿನ್‌ಗಿಂತ ತಂಪಾಗಿರುವುದರಿಂದ ಈ ಅಂತರದ ಬೆಲೆ ಇನ್ನೂ ಹೆಚ್ಚು.

ಹೊರಗಿನ ಸುರುಳಿಯ ಮೂರನೆಯದನ್ನೇ ಇಟ್ಟುಕೊಂಡಿದ್ದೇವೆ. ಈಗ ತಾಪಮಾನವನ್ನು 60 ಡಿಗ್ರಿಗೆ ಏರಿಸಿ ಮತ್ತೆ ಓಡಿಸುತ್ತಿದ್ದೇವೆ. ಟಗರು ನೆರಳು ಹುಡುಕಿಕೊಂಡು ನಿಲ್ಲುವುದಿಲ್ಲ ಎಂದು ಹುಡುಗನೇ ನೆನಪಿಸಿದ.